ಮಳೆಗಾಲಕ್ಕೆ ಸ್ಟಾರ್ಟ್ ಆಗದ ಕಳೆ ಮಷೀನು: ಮೊದಲು ಟ್ಯಾಂಕಿನ ಪೆಟ್ರೋಲ್ ನೋಡಿ

ಮುಂಗಾರು ಹಿಡಿದು ಎರಡು ವಾರ ಆಗುವಷ್ಟರಲ್ಲಿ ಅಡಿಕೆ ತೋಟದ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ಚಳಿಗಾಲದಿಂದ ಕೊಟ್ಟಿಗೆ ಮೂಲೆಯಲ್ಲಿದ್ದ ಕಳೆ ಮಷೀನು ಆಗ ಹೊರಗೆ ಬರುತ್ತದೆ. ಹಗ್ಗ ಎಳೆದರೆ ಸದ್ದಿಲ್ಲ. ಚೋಕ್ ಹಾಕಿ ಎಳೆದರೆ ಒಂದು ಸಲ ಬುಸ್ ಅಂದು ಸುಮ್ಮನಾಗುತ್ತದೆ. ರಿಪೇರಿಗೆ ಒಯ್ದರೆ ಅಲ್ಲಿ ಆಗಲೇ ಹತ್ತಾರು ಮಷೀನು ಸಾಲಿನಲ್ಲಿ ನಿಂತಿರುತ್ತವೆ. ವಾರ ಬಿಟ್ಟು ಬನ್ನಿ ಅನ್ನುತ್ತಾರೆ.

ಹೀಗೆ ಸಾಲಿನಲ್ಲಿ ನಿಲ್ಲುವ ಮಷೀನುಗಳಲ್ಲಿ ಬಹಳಷ್ಟಕ್ಕೆ ಇಂಜಿನ್ ಕೆಟ್ಟಿರುವುದಿಲ್ಲ. ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್ ಕೆಟ್ಟಿರುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಮರ ಕೊಯ್ಯುವ ಚೈನ್ ಸಾ, ಕರೆಂಟ್ ಹೋದಾಗ ಹಾಕುವ ಸಣ್ಣ ಜನರೇಟರ್, ಹೊಳೆಯಿಂದ ನೀರೆತ್ತುವ ಪೆಟ್ರೋಲ್ ಪಂಪು, ಇವೆಲ್ಲದರ ಕಥೆಯೂ ಇದೇ. ವರ್ಷದಲ್ಲಿ ಒಂದೆರಡು ತಿಂಗಳು ದುಡಿದು ಉಳಿದ ಕಾಲ ಮಲಗುವ ಇಂಜಿನ್ನುಗಳು ಇವು. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ಹಳೆಯದಾಗುವಷ್ಟು ಹೊತ್ತು ನಿಲ್ಲುವುದೇ ಇಲ್ಲ. ಅದಕ್ಕೇ ಬೈಕ್ ಇರುವವರಿಗೆ ಪೆಟ್ರೋಲ್ ಕೆಡುತ್ತದೆ ಎಂಬುದು ಬೇಗ ಹೊಳೆಯುವುದಿಲ್ಲ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಗಾಜಿನ ಬಾಟಲಿ ಹಿಡಿಯಿರಿ. ಕೆಟ್ಟ ಪೆಟ್ರೋಲ್ ಅಂತ ಗೊತ್ತಾದ ಮೇಲೆ ಅದನ್ನು ಬಾವಿಕಟ್ಟೆಯ ಹತ್ತಿರವೋ ಚರಂಡಿಗೋ ಚೆಲ್ಲಬೇಡಿ. ಈ ಎರಡನೆಯ ಮಾತಿಗೆ ನಾನು ಮೊದಲನೆಯದಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಯಾಕೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಪೆಟ್ರೋಲ್ ಕೆಡುವುದು ಹೇಗೆ

ಪೆಟ್ರೋಲ್ ಅಂದರೆ ಒಂದೇ ವಸ್ತು ಅಲ್ಲ. ಬೇಗ ಆವಿಯಾಗುವ ಹಗುರ ಅಂಶ, ನಿಧಾನಕ್ಕೆ ಆವಿಯಾಗುವ ಭಾರದ ಅಂಶ, ಹೀಗೆ ನೂರಾರು ಸೇರಿದ ಮಿಶ್ರಣ. ತಣ್ಣಗಿರುವ ಇಂಜಿನ್ ಮೊದಲ ಎಳೆತಕ್ಕೆ ಹೊತ್ತಿಕೊಳ್ಳಬೇಕಾದರೆ ಆ ಹಗುರ ಅಂಶ ಬೇಕು. ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ದಾರಿ ಇರುತ್ತದೆ. ಬೇಸಿಗೆಯ ಬಿಸಿಗೆ ಹಗುರ ಅಂಶ ಅಲ್ಲಿಂದ ಮೊದಲು ಹೊರಟುಹೋಗುತ್ತದೆ. ಅಳತೆಗೆ ಪೆಟ್ರೋಲ್ ಇದ್ದಂತೆಯೇ ಕಾಣುತ್ತದೆ, ಆದರೆ ಹೊತ್ತಿಕೊಳ್ಳುವ ಚುರುಕು ಇರುವುದಿಲ್ಲ.

ಎರಡನೆಯದು ಅಂಟು. ಗಾಳಿಯ ಆಮ್ಲಜನಕದ ಜೊತೆ ಸೇರಿ ಪೆಟ್ರೋಲ್ ನಿಧಾನಕ್ಕೆ ಅಂಟಾಗುತ್ತಾ ಹೋಗುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಒಳಗೆ ಉಳಿದ ನಾಲ್ಕು ಹನಿ ಆರಿದರೆ ಕಂದು ಬಣ್ಣದ ವಾರ್ನಿಷ್ ಪದರ ಉಳಿಯುತ್ತದೆ. ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಎಷ್ಟೋ ಸಣ್ಣದು. ಅದು ಕಟ್ಟಲು ಕೂದಲಿನಷ್ಟು ಪದರ ಸಾಕು.

ಮೂರನೆಯದು ಎಥೆನಾಲ್. ಇದು ಈಚಿನ ವರ್ಷಗಳಲ್ಲಿ ಜಾಸ್ತಿಯಾದದ್ದು. 2022ರ ಜೂನ್ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ನೂರಕ್ಕೆ 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ನೂರಕ್ಕೆ 20 ಪಾಲು ಎಥೆನಾಲ್ ಇರುವ ಪೆಟ್ರೋಲ್, ಬಿಡುಗಡೆ ಆಯಿತು. 2025ರಲ್ಲಿ ಅದೇ ಎಲ್ಲ ಕಡೆಯ ಮಾಮೂಲಿ ಪೆಟ್ರೋಲ್ ಆಗಿಬಿಟ್ಟಿತು. ಎಥೆನಾಲಿಗೂ ನೀರಿಗೂ ಬಹಳ ಸ್ನೇಹ. ಗಾಳಿಯ ತೇವ ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ಬಿದ್ದ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರನ್ನು ಅಪ್ಪಿಕೊಂಡೇ ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತದೆ.

ಇ10 ಪೆಟ್ರೋಲಿನಲ್ಲಿ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರು, ಅಂದರೆ ಒಂದು ಟೀ ಚಮಚ, ಸೇರಿದರೆ ಹೀಗೆ ಬೇರ್ಪಡುತ್ತದೆ. ಇ20 ಅದಕ್ಕಿಂತ ಜಾಸ್ತಿ ನೀರು ತಾಳಿಕೊಳ್ಳುತ್ತದೆ. ಆದರೆ ಬೇರ್ಪಟ್ಟರೆ ಕೆಳಗಿನ ಪದರವೂ ದಪ್ಪ. ಒಂದು ಲೀಟರಿನಲ್ಲಿ 200 ಮಿಲಿಲೀಟರ್ ಎಥೆನಾಲ್ ಇದೆಯಲ್ಲ, ಅದರ ಬಹುಪಾಲು ಕೆಳಗೆ ಬಂದು ಕೂರುತ್ತದೆ. ಚಳಿಗೆ ನೀರು ತಾಳುವ ಶಕ್ತಿ ಇನ್ನೂ ಕಡಿಮೆ. ಮಧ್ಯಾಹ್ನ ತಿಳಿಯಾಗಿದ್ದ ಪೆಟ್ರೋಲ್ ಬೆಳಗಿನ ಜಾವಕ್ಕೆ ಮಬ್ಬಾಗುವುದು ಅದಕ್ಕೇ.

ಗಾಳಿಯ ತೇವದಿಂದಲೇ ಬೇರ್ಪಡುವ ಮಟ್ಟ ಮುಟ್ಟುವುದು ನಿಧಾನದ ಕೆಲಸ. ಬಹಳ ಸಲ ನೀರು ನೇರವಾಗಿಯೇ ಹೋಗಿರುತ್ತದೆ. ಮಳೆಯಲ್ಲಿ ತೋಟದಲ್ಲೇ ಪೆಟ್ರೋಲ್ ತುಂಬಿಸುವುದು, ಸೋರುವ ಹಂಚಿನ ಕೆಳಗೆ ಮಷೀನು ಇಡುವುದು, ತೊಳೆದ ಬಾಟಲಿಯನ್ನು ಒಣಗಿಸದೆ ಪೆಟ್ರೋಲ್ ತರಲು ಒಯ್ಯುವುದು, ಮುಚ್ಚಳದ ವಾಷರ್ ಹೋಗಿರುವುದು. ಮೊದಲು ಅವನ್ನು ನೋಡಿ.

ಬಾಟಲಿ ಪರೀಕ್ಷೆ

ಬಯಲಲ್ಲಿ ಮಾಡಿ. ಹತ್ತಿರ ಬೀಡಿ, ಸಿಗರೇಟು, ಬಚ್ಚಲ ಒಲೆ ಯಾವುದೂ ಇರಬಾರದು. ಮನೆಯ ಹಿಂದೆ ಹಂಡೆ ಒಲೆ ಉರಿಯುತ್ತಿದ್ದರೆ ಆ ಕಡೆ ಹೋಗಲೇಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ವಸ್ತು ಅದು. ನಮ್ಮ ಹವೆಯಲ್ಲಿ ಕೇಳಬೇಕೇ?

ಮಷೀನನ್ನು ಒಂದು ಗಂಟೆ ಅಲುಗಾಡಿಸದೆ ಬಿಡಿ. ಆಮೇಲೆ ಟ್ಯಾಂಕಿನ ತಳದಿಂದ ಅರ್ಧ ಲೋಟದಷ್ಟು ಪೆಟ್ರೋಲನ್ನು ಒಣಗಿದ, ಬಣ್ಣವಿಲ್ಲದ ಗಾಜಿನ ಬಾಟಲಿಗೆ ತೆಗೆಯಿರಿ. ಹತ್ತು ರೂಪಾಯಿ ಬಾಟಲಿಯ ತೆಳು ಪ್ಲಾಸ್ಟಿಕ್ ಬೇಡ. ತೆಗೆಯಲು ಕೈಯಲ್ಲಿ ಒತ್ತುವ ರಬ್ಬರ್ ಪಂಪು ಬಳಸಿ. ಪೈಪಿಗೆ ಬಾಯಿ ಹಚ್ಚಿ ಎಳೆಯುವುದು ನಮ್ಮಲ್ಲಿ ರೂಢಿ. ಖಂಡಿತ ಬೇಡ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾದಂಥ ಉರಿಯೂತ ಬರುತ್ತದೆ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ಹೊರಗೆ ಬರುವಾಗಲೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಟಲಿ ಮುಚ್ಚಿ ಅರ್ಧ ಗಂಟೆ ನೆರಳಲ್ಲಿಡಿ. ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಒಳ್ಳೆಯ ಪೆಟ್ರೋಲ್ ಮೇಲಿನಿಂದ ಕೆಳಗಿನವರೆಗೆ ಒಂದೇ ಥರ ತಿಳಿಯಾಗಿರುತ್ತದೆ. ನೀರು ಹೋದದ್ದಾದರೆ ಕೆಳಗೆ ಇನ್ನೊಂದು ಪದರ ಕಾಣುತ್ತದೆ. ಎರಡರ ನಡುವೆ ಗೆರೆ ಎಳೆದಂತೆ ಇರುತ್ತದೆ. ಬಾಟಲಿ ವಾಲಿಸಿದರೆ ಆ ಗೆರೆಯೂ ನಿಧಾನಕ್ಕೆ ವಾಲುತ್ತದೆ. ಕಳೆ ಮಷೀನು, ಚೈನ್ ಸಾಗಳಂಥ ಟು-ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಕಲಸಿ ಹಾಕುವ ಪೆಟ್ರೋಲಿನಲ್ಲಿ ಇದನ್ನು ನೋಡುವುದು ಇನ್ನೂ ಸುಲಭ. ಆಯಿಲ್ ಬಣ್ಣ ಮೇಲಿನ ಪದರದಲ್ಲೇ ಉಳಿದು, ಕೆಳಗಿನದು ಪೇಲವವಾಗಿ ಕಾಣುತ್ತದೆ.

ಈ ಪೇಲವ ಪದರವೇ ಟು-ಸ್ಟ್ರೋಕ್ ಇಂಜಿನ್ನಿನ ಶತ್ರು. ಟ್ಯಾಂಕಿನ ಒಳಗೆ ಪೈಪಿನ ತುದಿಗೆ ಭಾರದ ಫಿಲ್ಟರ್ ಇರುತ್ತದೆ. ಅದು ಯಾವಾಗಲೂ ತಳದಲ್ಲೇ ಬಿದ್ದಿರುತ್ತದೆ, ಹೀರುವುದೂ ತಳದಿಂದಲೇ. ಕೆಳಗಿನ ಪದರದಲ್ಲಿ ಆಯಿಲ್ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಇಂಜಿನ್ ಹೇಗೋ ಸ್ಟಾರ್ಟ್ ಆದರೂ ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬೊರೇಟರ್ ಕ್ಲೀನಿಂಗಿನಲ್ಲಿ ಮುಗಿಯಬೇಕಾದ ಖರ್ಚು ಸಿಲಿಂಡರ್, ಪಿಸ್ಟನ್ ಬದಲಿಸುವ ತನಕ ಹೋಗುತ್ತದೆ. ಗೆರೆ ಕಂಡಿತೋ, ಆ ಪೆಟ್ರೋಲಿನಲ್ಲಿ ಇನ್ನೊಮ್ಮೆ ಹಗ್ಗ ಎಳೆಯಬೇಡಿ. ಅಲುಗಾಡಿಸಿ ಸೇರಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಬೇರ್ಪಡುತ್ತದೆ. ಹೊಸ ಪೆಟ್ರೋಲ್ ಸುರಿದು ತೆಳು ಮಾಡಲೂ ಬೇಡಿ.

ಗೆರೆ ಇಲ್ಲ, ಆದರೆ ಬಣ್ಣ ಗಾಢವಾಗಿದೆಯೇ? ಬಣ್ಣ ಒಂದನ್ನೇ ನಂಬುವ ಹಾಗಿಲ್ಲ, ಟು-ಸ್ಟ್ರೋಕಿಗೆ ಕಲಸುವ ಟು-ಟಿ ಆಯಿಲ್ ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಹೊಸದಾಗಿ ಕಲಸಿದ ಪೆಟ್ರೋಲನ್ನು ಇನ್ನೊಂದು ಬಾಟಲಿಗೆ ಹಾಕಿ ಪಕ್ಕದಲ್ಲಿಟ್ಟು ನೋಡಿ. ವಾಸನೆಯೂ ಹೇಳುತ್ತದೆ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳೆಯದು ಪೇಂಟ್ ಡಬ್ಬದ ಹಾಗೆ, ಹುಳಿ ಹುಳಿಯಾಗಿ ನಾರುತ್ತದೆ. ಇದಕ್ಕಾಗಿ ಬಾಟಲಿ ಬಾಯಿಗೆ ಮೂಗು ಇಡಬೇಕಿಲ್ಲ, ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ.

ಪೆಟ್ರೋಲ್ ಬದಲಿಸಿದ ಮೇಲೂ ಸ್ಟಾರ್ಟ್ ಆಗದಿದ್ದರೆ

ಹಳೆಯದನ್ನು ಪೂರ್ತಿ ತೆಗೆದು, ಹೊಸ ಪೆಟ್ರೋಲ್ ಸ್ವಲ್ಪ ಹಾಕಿ ಟ್ಯಾಂಕ್ ಕಲಕಿ ಅದನ್ನೂ ತೆಗೆಯಿರಿ. ಆಮೇಲೆ ತುಂಬಿಸಿ. ಪ್ರೈಮರ್ ಬಲ್ಬ್, ಅಂದರೆ ಬೆರಳಲ್ಲಿ ಒತ್ತಿ ಪೆಟ್ರೋಲ್ ಎಳೆಯುವ ಸಣ್ಣ ಗುಳ್ಳೆ, ಇದ್ದರೆ ಹತ್ತು ಸಲ ಒತ್ತಿ. ಒಳಗಿನ ಹಳೇ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗಿ ಹೊಸದು ಬರುತ್ತದೆ. ಬಲ್ಬ್ ಒತ್ತಿದರೆ ಮೇಲೆ ಏಳುತ್ತಿಲ್ಲ ಅಂದರೆ ಫಿಲ್ಟರ್ ಕಟ್ಟಿದೆ. ಬರೀ ಗುಳ್ಳೆ ಬರುತ್ತಿದ್ದರೆ ಪೈಪು ಸೀಳಿದೆ. ಎಥೆನಾಲ್ ಜಾಸ್ತಿಯಾದ ಮೇಲೆ ಹಳೇ ಮಾದರಿಯ ರಬ್ಬರ್ ಪೈಪು ಉಬ್ಬುವುದು, ಗಡಸಾಗುವುದು, ಸೀಳುವುದು ನೋಡುತ್ತಿದ್ದೇವೆ. ಇಲಿ ಕಡಿದಿರುವುದೂ ಉಂಟು. ಪೈಪು ಅಗ್ಗದ ಸಾಮಾನು. ಅನುಮಾನ ಬಂದರೆ ಬದಲಿಸಿಬಿಡಿ.

ಈಗ ಹಗ್ಗ ಏಳೆಂಟು ಸಲ ಎಳೆದು ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಬರುತ್ತಿದೆ, ಆದರೆ ಹೊತ್ತುತ್ತಿಲ್ಲ. ಈ ಒಂದು ವ್ಯತ್ಯಾಸದಿಂದಲೇ ಅರ್ಧ ಹುಡುಕಾಟ ತಪ್ಪುತ್ತದೆ.

ಒದ್ದೆ ಪ್ಲಗ್ ಆದರೆ ಒರೆಸಿ ಒಣಗಿಸಿ, ಚೋಕ್ ತೆಗೆದು, ಪ್ಲಗ್ ತೂತು ತೆರೆದಿಟ್ಟು ಸ್ವಲ್ಪ ಹೊತ್ತು ಬಿಡಿ. ಕಿಡಿ ಬರುತ್ತದೆಯೇ ಅಂತ ಆ ಕ್ಷಣಕ್ಕೇ ನೋಡಲು ಹೋಗಬೇಡಿ. ಹಗ್ಗ ಎಳೆದಾಗ ತೂತಿನಿಂದ ಪೆಟ್ರೋಲ್ ಮಂಜು ಚಿಮ್ಮುತ್ತದೆ. ಪಕ್ಕದಲ್ಲೇ ಕಿಡಿ ಹಾರಿದರೆ ಮುಖಕ್ಕೇ ಬೆಂಕಿ. ಆವಿ ಹೋಗಿ, ಮಷೀನು ಒರೆಸಿ, ಪೆಟ್ರೋಲ್ ಕ್ಯಾನನ್ನು ದೂರ ಒಯ್ದ ಮೇಲೆ, ಪ್ಲಗ್ಗನ್ನು ತೂತಿನಿಂದ ದೂರದ ಲೋಹಕ್ಕೆ ತಾಗಿಸಿ ನೋಡಿ. ನೀಲಿ ಕಿಡಿ ಟಕ್ ಟಕ್ ಅಂತ ಬರಬೇಕು. ಬರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬಗ್ಗೆ ಯೋಚಿಸಿ. ಆಗ ದೋಷ ಪೆಟ್ರೋಲಿನದಲ್ಲ.

ಒಣ ಪ್ಲಗ್ ಆದರೆ ಇನ್ನೊಂದು ಪರೀಕ್ಷೆ ಇದೆ. ಐದಾರು ಹನಿ ಹೊಸ ಪೆಟ್ರೋಲನ್ನು ಪ್ಲಗ್ ತೂತಿಗೆ ಬಿಡಿ, ಟು-ಸ್ಟ್ರೋಕ್ ಆದರೆ ಆಯಿಲ್ ಕಲಸಿದ್ದೇ ಇರಲಿ. ಪ್ಲಗ್ ಹಾಕಿ ಬಿಗಿದು, ಚೆಲ್ಲಿದ್ದನ್ನು ಒರೆಸಿ ಹಗ್ಗ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ, ಕಂಪ್ರೆಷನ್ ಎರಡೂ ಸರಿ ಇವೆ. ಕಾರ್ಬೊರೇಟರ್ ಪೆಟ್ರೋಲ್ ಕೊಡುತ್ತಿಲ್ಲ ಅಂತ ಅರ್ಥ. ಇಷ್ಟು ಖಚಿತವಾದ ಮೇಲೆ ಬಿಚ್ಚಿದರೆ ಸುಮ್ನೆ ಬಿಚ್ಚಿದಂತೆ ಆಗುವುದಿಲ್ಲ.

ಓಡುತ್ತದೆ, ಆದರೆ ಸರಿಯಾಗಿ ಓಡುವುದಿಲ್ಲ

ಚೋಕ್ ಹಾಕಿದ್ದರೆ ಮಾತ್ರ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಹಳೇ ಪೆಟ್ರೋಲಿನ ಅಂಟು ಹಿಡಿದ ಕಾರ್ಬೊರೇಟರಿನ ಗುರುತು ಇದು. ಜೆಟ್ ಅರ್ಧ ಕಟ್ಟಿದೆ. ಬರುವ ಪೆಟ್ರೋಲ್ ಕಡಿಮೆ, ಅದಕ್ಕೇ ಗಾಳಿಯನ್ನೂ ಚೋಕಿನಲ್ಲಿ ಕಡಿಮೆ ಮಾಡಿದರೆ ಮಾತ್ರ ಹೊಂದಿಕೆಯಾಗುತ್ತದೆ. ಚೋಕ್ ಅರ್ಧ ಎಳೆದಿಟ್ಟು ದಿನವಿಡೀ ಹುಲ್ಲು ಹೊಡೆಯುವವರಿದ್ದಾರೆ. ಆಗ ಪೆಟ್ರೋಲ್ ಜೊತೆ ಬರುವ ಆಯಿಲ್ಲೂ ಕಡಿಮೆಯೇ ಅಲ್ವಾ? ಇಂಜಿನ್ ಬಿಸಿಯಾಗಿ ಸೊರಗುತ್ತದೆ. ಕೆಲಸ ನಿಲ್ಲಿಸಿ ಜೆಟ್ ಕ್ಲೀನ್ ಮಾಡಿಸಿ.

ಐಡಲ್ ನಿಲ್ಲುವುದಿಲ್ಲ, ರೇಸ್ ಕೊಟ್ಟರೆ ಓಡುತ್ತದೆ ಅಂದರೆ ಸಣ್ಣ ಜೆಟ್ಟಿನ ದಾರಿ ಕಟ್ಟಿದೆ. ಐಡಲ್ ಸರಿ, ರೇಸ್ ಕೊಟ್ಟರೆ ಮಲಗುತ್ತದೆ ಅಂದರೆ ದೊಡ್ಡ ಜೆಟ್ ಅಥವಾ ಟ್ಯಾಂಕ್ ಫಿಲ್ಟರ್. ಐದಾರು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ ಎನ್ನುವುದಾದರೆ ಟ್ಯಾಂಕ್ ಮುಚ್ಚಳದ ಗಾಳಿ ದಾರಿ ನೋಡಿ. ನಿಂತ ಮೇಲೆ ಇಂಜಿನ್ ಆರಲು ಬಿಟ್ಟು, ಮುಚ್ಚಳ ನಿಧಾನಕ್ಕೆ ಸಡಿಲಿಸಿದರೆ ಒಳಗೆ ಗಾಳಿ ಎಳೆದುಕೊಳ್ಳುವ ಸಣ್ಣ ಸದ್ದು ಬರುತ್ತದೆ. ಬಂದರೆ ಅದೇ ದೋಷ.

ಜನರೇಟರ್, ನೀರಿನ ಪಂಪುಗಳಂಥ ಫೋರ್-ಸ್ಟ್ರೋಕ್ ಇಂಜಿನ್ನಿಗೆ ಒಂದು ವಿಶೇಷ ಎಚ್ಚರ. ಕಾರ್ಬೊರೇಟರ್ ತಟ್ಟೆಯಲ್ಲಿ ಪೆಟ್ರೋಲ್ ತುಂಬಿದ ಕೂಡಲೇ ದಾರಿ ಮುಚ್ಚುವ ಫ್ಲೋಟ್ ಸೂಜಿ ಇರುತ್ತದೆ. ಅಂಟಿನಿಂದ ಅದು ತೆರೆದೇ ಉಳಿದರೆ ಪೆಟ್ರೋಲ್ ಹೊರಗೆ ಸೋರುತ್ತದೆ, ಇಲ್ಲವೇ ಸಿಲಿಂಡರ್ ಮೂಲಕ ಇಂಜಿನ್ ಆಯಿಲಿಗೆ ಇಳಿಯುತ್ತದೆ. ತಿಂಗಳುಗಟ್ಟಲೆ ನಿಂತ ಜನರೇಟರ್ ಹಗ್ಗ ಎಳೆಯುವ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಮಟ್ಟ ಮೇಲೆ ಬಂದಿದ್ದರೆ, ಪೆಟ್ರೋಲ್ ವಾಸನೆ ಇದ್ದರೆ, ಸ್ಟಾರ್ಟ್ ಮಾಡದೆ ಆಯಿಲ್ ಬದಲಿಸಿ, ಸೂಜಿ ಸರಿಮಾಡಿಸಿ.

ಪೆಟ್ರೋಲಿಗೆ ಸಂಬಂಧವೇ ಇಲ್ಲದ ಎರಡು ಸಂಗತಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಸೈಲೆನ್ಸರ್ ತೂತು ಬಹಳ ಇಷ್ಟ. ಟು-ಸ್ಟ್ರೋಕ್ ಸೈಲೆನ್ಸರಿನ ಸಣ್ಣ ಜಾಲರಿ ಮಸಿ ಕಟ್ಟಿದರೂ ಇಂಜಿನ್ ಎಳೆಯುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎರಡೂ ಕಾಣುತ್ತವೆ.

ಕಾರ್ಬೊರೇಟರ್ ಬಿಚ್ಚುವವರಿಗೆ

ಕೈ ಪಳಗಿದವರು ಮಾತ್ರ ಮಾಡಿ. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಹೊಂದಾಣಿಕೆ ಸ್ಕ್ರೂಗಳನ್ನು ತೆಗೆಯುವ ಮೊದಲು ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಆಯಿತೆಂದು ಬರೆದುಕೊಳ್ಳಿ. ಬಿಗಿಯಾಗಿ ಒತ್ತಬೇಡಿ, ತುದಿ ಕೆಡುತ್ತದೆ.

ಜೆಟ್ ಕೈಗೆ ಬಂದ ಮೇಲೆ ಆಕಾಶದ ಬೆಳಕಿಗೆ ಹಿಡಿದು ನೋಡಿ. ಸ್ವಚ್ಛವಾಗಿದ್ದರೆ ನಡುವೆ ದುಂಡಗಿನ ಬೆಳಕಿನ ಚುಕ್ಕಿ ಕಾಣುತ್ತದೆ. ಅಂಟು ಹಿಡಿದಿದ್ದರೆ ಆ ಚುಕ್ಕಿ ಸೊಟ್ಟಗಿರುತ್ತದೆ, ಅಂಚು ಕಂದಾಗಿರುತ್ತದೆ, ಇಲ್ಲವೇ ಚುಕ್ಕಿಯೇ ಇರುವುದಿಲ್ಲ. ಹೊಲಿಗೆ ಸೂಜಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ಸೂಜಿ ಉಕ್ಕಿನದು, ತೂತು ದೊಡ್ಡದಾಗುತ್ತದೆ. ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಗೆ ಬರುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟು, ಗಾಳಿ ಊದಿದರೆ ಬಹಳಷ್ಟು ಸಲ ಬಿಡುತ್ತದೆ. ಬಿಡದಿದ್ದರೆ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಕಣ್ಣಿಗೆ ಕನ್ನಡಕ ಇರಲಿ, ಸ್ಪ್ರೇ ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಹಾರುತ್ತದೆ.

ಕಳೆ ಮಷೀನು, ಚೈನ್ ಸಾಗಳಲ್ಲಿ ಫ್ಲೋಟ್ ಬದಲು ಡಯಾಫ್ರಮ್ ಎಂಬ ತೆಳು ಪೊರೆ ಇರುತ್ತದೆ. ಅದರ ಮೇಲೆ ಸ್ಪ್ರೇ ಹೊಡೆಯಬೇಡಿ, ಕಂಪ್ರೆಸರ್ ಗಾಳಿ ಬಿಡಬೇಡಿ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬಟ್ಟೆಯಂತೆ ಬಾಗಬೇಕು. ಗಡಸಾಗಿ ಚರಪರ ಅಂದರೆ ಅದರ ಕಾಲ ಮುಗಿಯಿತು, ಕಿಟ್ ತಂದು ಬದಲಿಸಿ. ತಟ್ಟೆಯ ತಳದಲ್ಲಿ ಬಿಳಿ ಪುಡಿ ಇದ್ದರೆ ಅದು ನೀರು ನಿಂತು ಲೋಹ ತಿಂದ ಗುರುತು. ಗುಳಿ ಬಿದ್ದ ಕಾರ್ಬೊರೇಟರನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಹೊಸದು ಹಾಕುವುದೇ ಸರಿ.

ತೆಗೆದ ಹಳೇ ಪೆಟ್ರೋಲ್ ಏನು ಮಾಡುವುದು

ಇಲ್ಲಿ ನಮ್ಮ ಊರುಗಳಲ್ಲಿ ನಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗೆದ್ದಲಿನ ಹುತ್ತಕ್ಕೆ ಸುರಿಯುತ್ತಾರೆ. ಇರುವೆ ಗೂಡಿಗೆ ಸುರಿಯುತ್ತಾರೆ. ಅಂಗಳದ ಅಂಚಿನ ಹುಲ್ಲಿಗೆ ಚೆಲ್ಲುತ್ತಾರೆ. ಹಸಿ ಕಸದ ರಾಶಿಗೆ ಎರಚಿ ಕಡ್ಡಿ ಗೀರುತ್ತಾರೆ. ಕೊನೆಯದು ಅಲ್ಲೇ ಜೀವ ತೆಗೆಯಬಹುದು. ಎರಚಿ ಕಡ್ಡಿ ತೆಗೆಯುವಷ್ಟರಲ್ಲಿ ಆವಿ ಕಾಲಬುಡದವರೆಗೆ ಹರಡಿರುತ್ತದೆ, ಹೊತ್ತುವುದು ಕಸವಲ್ಲ, ಕಡ್ಡಿ ಹಿಡಿದವರು.

ಮಣ್ಣಿಗೆ ಸುರಿದದ್ದರ ಲೆಕ್ಕ ಕೇಳಿ. ಬಿಎಸ್-6, ಅಂದರೆ ಈಗಿನ ಹೊಗೆ ನಿಯಮದ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1 ಪಾಲಿನವರೆಗೆ ಇರಬಹುದು. ಕ್ಯಾನ್ಸರ್ ತರುವ ವಸ್ತು ಅದು. ಒಂದು ಲೀಟರಿಗೆ 10 ಮಿಲಿಲೀಟರ್, ತೂಕದಲ್ಲಿ 9 ಗ್ರಾಮಿಗೆ ಸ್ವಲ್ಪ ಕಡಿಮೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾಗಿಸಿ ನೋಡಿ. ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಸುಮಾರು 9 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಸುರಿದದ್ದೆಲ್ಲ ಬಾವಿಗೆ ಇಳಿಯುವುದಿಲ್ಲ ನಿಜ, ಒಂದಷ್ಟು ಆವಿಯಾಗುತ್ತದೆ. ಆದರೆ ಮಳೆಗಾಲದಲ್ಲಿ ಮಲೆನಾಡಿನ ತೆರೆದ ಬಾವಿಯ ನೀರು ಕೈಗೆ ಎಟುಕುವಷ್ಟು ಮೇಲಿರುತ್ತದೆ. ನಾವು ಕುಡಿಯುವುದು ಅದನ್ನೇ.

ಹಾಗಾದರೆ ದಾರಿ? ಮೊದಲು ಅದು ನಿಜವಾಗಿ ಎಷ್ಟು ಕೆಟ್ಟಿದೆ ಅಂತ ಬಾಟಲಿ ನೋಡಿ ತೀರ್ಮಾನಿಸಿ. ಒಂದೆರಡು ತಿಂಗಳಿನದು, ತಿಳಿಯಾಗಿದೆ, ಗೆರೆ ಇಲ್ಲ, ವಾಸನೆ ಹುಳಿಯಾಗಿಲ್ಲ. ಅಂಥದ್ದನ್ನು ಬಳಸಿ ಮುಗಿಸುವುದೇ ಉತ್ತಮ. ಆಯಿಲ್ ಕಲಸಿದ್ದಾದರೆ ಟು-ಸ್ಟ್ರೋಕ್ ಮಷೀನಿಗೇ, ಹಳೆಯದು ಒಂದು ಪಾಲಿಗೆ ಹೊಸ ಮಿಶ್ರಣ ಐದು ಪಾಲಿಗೆ ಕಡಿಮೆಯಿಲ್ಲದಂತೆ ಸೇರಿಸಿ. ಆಯಿಲ್ ಕಲಸದ್ದಾದರೆ ಕಾರ್ಬೊರೇಟರ್ ಇರುವ ಹಳೇ ಬೈಕಿಗೆ ಒಂದಕ್ಕೆ ಹತ್ತು ಪಾಲು ಹೊಸ ಪೆಟ್ರೋಲಿನ ಲೆಕ್ಕದಲ್ಲಿ ಹಾಕಬಹುದು. ಈಗಿನ ಬಿಎಸ್-6 ಬೈಕು, ಕಾರುಗಳಿಗೆ ಹಾಕಬೇಡಿ. ಇಂಜೆಕ್ಟರ್, ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ದುಬಾರಿ ಸಾಮಾನು. ಉಳಿಸುವ ನೂರು ರೂಪಾಯಿಗೆ ಆ ಅಪಾಯ ಬೇಡ.

ಗೆರೆ ಕಂಡದ್ದು, ಕಂದಾದದ್ದು, ತುಕ್ಕು ಕಸ ಸೇರಿದ್ದು ಇನ್ನು ಯಾವ ಇಂಜಿನ್ನಿಗೂ ಅಲ್ಲ. ಬಿಗಿ ಮುಚ್ಚಳದ ಲೋಹದ ಕ್ಯಾನಿಗೆ ಹಾಕಿ, 'ಹಳೇ ಪೆಟ್ರೋಲ್, ಬಳಸಬೇಡಿ' ಅಂತ ದೊಡ್ಡದಾಗಿ ಬರೆದು ಬೇರೆ ಇಡಿ. ವಾಹನಗಳ ಅಧಿಕೃತ ಸರ್ವಿಸ್ ಸೆಂಟರ್‌ಗಳಲ್ಲಿ ತೆಗೆದ ಆಯಿಲ್ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡುವ ಪದ್ಧತಿ ಇದೆ. ಅಲ್ಲಿ ಮೊದಲು ಫೋನ್ ಮಾಡಿ ಕೇಳಿ. ಒಪ್ಪಿದರೆ ಕೊಡಿ, ಆದರೆ ಇದು ಪೆಟ್ರೋಲ್ ಅಂತ ಸ್ಪಷ್ಟವಾಗಿ ಹೇಳಿ ಕೊಡಿ. ಅವರ ಕಣ್ಣು ತಪ್ಪಿಸಿ ಆಯಿಲ್ ಡ್ರಮ್ಮಿಗೆ ಸುರಿಯಬೇಡಿ. ಆ ಡ್ರಮ್ಮನ್ನು ಮುಂದೆ ಎಲ್ಲೋ ಯಾರೋ ಕಾಯಿಸುತ್ತಾರೆ. ಅದು ಬರೀ ಆಯಿಲ್ ಅಂದುಕೊಂಡೇ ಕಾಯಿಸುತ್ತಾರೆ.

ನಗರದಲ್ಲಿ ಇರುವವರು ಮನೆಯ ಅಪಾಯಕಾರಿ ಕಸವನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕೇಳಿ. ಕಸದ ಆಟೋ ಟಿಪ್ಪರಿಗೆ ಬಾಟಲಿ ಹಾಕಿಬಿಡಬೇಡಿ. ಅದರೊಳಗೆ ಕೈ ಹಾಕಿ ಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ ಒಳಗೇನಿದೆ ಅಂತ ಗೊತ್ತಿರುವುದಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಪೆಟ್ರೋಲ್ ಒಯ್ಯುವಂತಿಲ್ಲ.

ನೆಲಕ್ಕೆ ಚೆಲ್ಲಿದ್ದಕ್ಕೆ ನೀರು ಹೊಡೆಯಬೇಡಿ, ಹರಡುತ್ತದೆ. ಒಣ ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಮುಚ್ಚಳವಿರುವ ಲೋಹದ ಡಬ್ಬಕ್ಕೆ ತುಂಬಿ, ಅದನ್ನೂ ಹಳೇ ಪೆಟ್ರೋಲಿನ ಜೊತೆಗೇ ಕೊಡಿ.

ಮುಂದಿನ ಮಳೆಗಾಲಕ್ಕೆ ಹೀಗಾಗದಿರಲು

ಬೇಕಾದಷ್ಟೇ ತನ್ನಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಈ ವಾರದ ಹುಲ್ಲಿಗೆ ಮೂರು ಲೀಟರ್ ಸಾಕಾದರೆ ಹತ್ತು ಲೀಟರ್ ಯಾಕೆ? ಬಂಕ್ ದೂರ ಅಂತ ತಂದು ತುಂಬುತ್ತೇವೆ, ಉಳಿದದ್ದು ಹಾಳಾಗುತ್ತದೆ. ಬಿಗಿಯಾಗಿ ಮುಚ್ಚಿದ ಕ್ಯಾನಿನಲ್ಲಿ, ನೆರಳಲ್ಲಿ ಇಟ್ಟರೆ ಸುಮಾರು ಮೂರು ತಿಂಗಳು ನಂಬಬಹುದು. ಅರ್ಧ ಖಾಲಿ ಟ್ಯಾಂಕಿನಲ್ಲಿ, ಮಳೆಗಾಲದ ತೇವದಲ್ಲಿ ನಾನು ಒಂದು ತಿಂಗಳಿಗಿಂತ ಜಾಸ್ತಿ ನಂಬುವುದಿಲ್ಲ. ಕ್ಯಾನಿನ ಮೇಲೆ ತಂದ ತಾರೀಕು ಬರೆಯಿರಿ, ಆಯಿಲ್ ಕಲಸಿದ್ದರೆ ಅಳತೆಯನ್ನೂ ಬರೆಯಿರಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿಲೀಟರ್, 40ಕ್ಕೆ 1 ಅಂದರೆ 25, 25ಕ್ಕೆ 1 ಅಂದರೆ 40. ನಿಮ್ಮ ಮಷೀನಿಗೆ ಯಾವುದು ಅಂತ ಅದರ ಪುಸ್ತಕದಲ್ಲಿ ಇರುತ್ತದೆ.

1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಅದೂ ಭದ್ರ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿ ಆದರೆ ಒಂದೊಂದು ಪಾತ್ರೆ 1 ಲೀಟರ್ ಮೀರಬಾರದು, ಲೋಹ ಆದರೆ 25 ಲೀಟರ್. ನೀರಿನ ಬಾಟಲಿ, ಜ್ಯೂಸ್ ಬಾಟಲಿ ಆ ಪಟ್ಟಿಯಲ್ಲಿ ಇಲ್ಲ. ಹಸಿರು ಬಣ್ಣದ ಟು-ಸ್ಟ್ರೋಕ್ ಪೆಟ್ರೋಲ್ ಜ್ಯೂಸ್ ಬಾಟಲಿಯಲ್ಲಿ ಕಂಡರೆ ಮಗು ಏನೆಂದುಕೊಳ್ಳುತ್ತದೆ? ಬಂಕಿನಲ್ಲಿ ತುಂಬಿಸುವಾಗ ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಪಿಕಪ್ಪಿನ ರಬ್ಬರ್ ಮ್ಯಾಟಿನ ಮೇಲೆ ಇಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಸಂಭವವಿದೆ. ಕಂಠದವರೆಗೆ ತುಂಬಿಸಬೇಡಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಕ್ಯಾನ್ ಇಡುವ ಜಾಗ ಅಡುಗೆಮನೆ, ಬಚ್ಚಲು, ಇನ್ವರ್ಟರ್ ಇವುಗಳಿಂದ ದೂರ ಇರಲಿ.

ಹುಲ್ಲು ಹೊಡೆದು ಮುಗಿಯಿತು, ಇನ್ನು ಆರು ತಿಂಗಳು ಮಷೀನು ಮುಟ್ಟುವುದಿಲ್ಲ ಅಂದಾಗ ಟ್ಯಾಂಕ್ ಖಾಲಿ ಮಾಡಿ. ಪ್ರೈಮರ್ ಒತ್ತಿ ಪೈಪಿನಲ್ಲಿ ಉಳಿದದ್ದನ್ನೂ ತೆಗೆಯಿರಿ. ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವ ತನಕ ಐಡಲಿನಲ್ಲಿ ಬಿಡಿ. ಜನರೇಟರ್ ಆದರೆ ಕಾರ್ಬೊರೇಟರ್ ತಟ್ಟೆಯ ತಳದ ಸ್ಕ್ರೂ ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಿ. ಪೂರ್ತಿ ಒಣಗಿಸಿದರೆ ಡಯಾಫ್ರಮ್ ಗಡಸಾಗುತ್ತದೆ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಅವರ ಮಾತಿನಲ್ಲೂ ಅರ್ಥವಿದೆ. ಆದರೆ ಇ20 ಪೆಟ್ರೋಲ್, ನಮ್ಮ ತೇವದ ಹವೆ ಎರಡೂ ಸೇರಿದಾಗ ಡಯಾಫ್ರಮ್ ಬದಲಿಸುವುದು ಅಂಟು, ತುಕ್ಕು ಬಿಡಿಸುವುದಕ್ಕಿಂತ ಸುಲಭ ಎಂಬುದು ನನ್ನ ಅಭಿಪ್ರಾಯ. ಇಂಜಿನ್ ಪೂರ್ತಿ ಆರಿದ ಮೇಲೆ ಪ್ಲಗ್ ಬಿಚ್ಚಿ ಒಂದು ಚಮಚಕ್ಕಿಂತ ಕಡಿಮೆ ಆಯಿಲ್ ಸಿಲಿಂಡರಿಗೆ ಬಿಟ್ಟು, ಹಗ್ಗ ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಹಾಕಿಡಿ. ಸೈಲೆನ್ಸರ್ ತೂತಿಗೆ ಬಟ್ಟೆ ತುರುಕಿದರೆ ಕಣಜ ಬರುವುದಿಲ್ಲ. ತುರುಕಿದ್ದು ಮರೆಯದಂತೆ ಹಗ್ಗದ ಹಿಡಿಗೆ ಒಂದು ಚೀಟಿ ಕಟ್ಟಿ.

ಖಾಲಿಯಾದ ಕ್ಯಾನ್ ಬಗ್ಗೆ ಒಂದು ಮಾತು ಬಾಕಿ ಇದೆ. ಪೆಟ್ರೋಲ್ ಇಲ್ಲದ ಕ್ಯಾನಿನಲ್ಲಿ ಆವಿ ಇರುತ್ತದೆ. ತುಂಬಿದ ಕ್ಯಾನಿಗಿಂತ ಅದು ಸುಲಭವಾಗಿ ಸಿಡಿಯುತ್ತದೆ. ಸೋರುವ ತಳಕ್ಕೆ ವೆಲ್ಡಿಂಗ್ ಮಾಡಿಸಲು, ಕತ್ತರಿಸಿ ಬಕೆಟ್ ಮಾಡಿಸಲು ಕೊಡಬೇಡಿ. ಮುಚ್ಚಳ ತೆಗೆದು ಬಯಲಿನಲ್ಲಿ, ಬೆಂಕಿಯಿಂದ ದೂರ, ಕೆಲವು ದಿನ ಆರಲು ಬಿಡಿ. ಗುಜರಿಗೆ ಹಾಕುವಾಗ ಇದು ಪೆಟ್ರೋಲ್ ಕ್ಯಾನ್ ಆಗಿತ್ತು ಎಂದು ಗುಜರಿಯವರಿಗೆ ಹೇಳಿಯೇ ಕೊಡಿ.